ಚಿಲ್ಲರೆ ಮಂತ್ರ

ಭಾನುವಾರ, ಅಂಗಡಿಗೆ ರಜೆ

ನನ್ನ ಸೂಜಿಗೆ ಅಮ್ಮನ ಆಶೀರ್ವಾದ.

ಇಲ್ಲಿ ನಾನೂ ನಿನ್ನ ಮಗಳು ಗುಂಡಿಯೂ ಇದ್ದೇವೆ. ಕ್ಷೇಮ ಅಂತ ಬರೆಯಲು ಹೋದೆ, ಕೈ ನಿಂತಿತು. ಇದ್ದೇವೆ ಅಂತ ಮಾತ್ರ ಬರೆದೆ. ನೀನೂ ಇದ್ದೀ ಅಂತ ಜೈಲಿನ ಕಾವಲಿನ ಹೆಂಗಸು ಹೇಳಿದಳು. ಸದ್ಯಕ್ಕೆ ಅಷ್ಟು ಸಾಕು ಅಂತ ದೇವರಿಗೆ ಕೈ ಮುಗಿದೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ, ಉಳಿದದ್ದನ್ನು ಆಮೇಲೆ ನಿಧಾನವಾಗಿ ಓದು. ನಿನ್ನ ಹಿಂದಿನ ಕಾಗದಕ್ಕೆ ನಾನು ಉತ್ತರ ಬರೆದಿದ್ದೆ. ಅದು ಕೈಗೆ ಬಂದ ಮರುದಿನವೇ ಬರೆದು ಡಬ್ಬಿಗೆ ಹಾಕಿದ್ದೆ. ನಿನಗೆ ಸೇರಲಿಲ್ಲ. ಜೈಲಿನ ಆಫೀಸಿನಲ್ಲಿ ಕಾಗದ ಓದುವ ಮೇಡಂ ಅದನ್ನು ತಡೆದು ತಮ್ಮ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದರು. ಅಮ್ಮ ಸುಮ್ಮನಾದಳು ಅಂತ ನೀನು ತಿಳಿದೆ. ನಾನು ಸುಮ್ಮನಾಗಿರಲಿಲ್ಲ ಮಗಳೇ.

ನೀನು ಕೊನೆಯ ಸಾಲಿನಲ್ಲಿ ಕೇಳಿದ್ದೆಯಲ್ಲ, ಗುಂಡಿ ಈಗಲೂ ನನ್ನನ್ನು ಕೇಳುತ್ತಾಳಾ ಅಂತ. ಕೇಳುತ್ತಿದ್ದರೆ ಬರೆ, ಇಲ್ಲದಿದ್ದರೆ ಏನೂ ಬರೆಯಬೇಡ, ನನಗೆ ಅರ್ಥವಾಗುತ್ತದೆ ಅಂತ. ಎಂಥ ಕೆಟ್ಟ ಕರಾರು ಹಾಕಿದೆ ನೋಡು. ಅಂಚೆಯವನು ಜ್ವರ ಬಂದು ಮಲಗಿದರೂ ಮಗು ತಾಯಿಯನ್ನು ಮರೆತ ಹಾಗೆ ಆಗಿಬಿಡುತ್ತದಲ್ಲ. ಕಾಗದ ಬರಲಿಲ್ಲ, ನಿನಗೆ ಅರ್ಥವಾಯಿತು. ಅರ್ಥವಾದದ್ದು ಬೇರೆಯೇ.

ಹೋದ ಭೇಟಿಯ ದಿನ ಗುಂಡಿಗೆ ನಾನೇ ಹೊಲಿದ ಹಳದಿ ಫ್ರಾಕು ಹಾಕಿ ಕರೆತಂದಿದ್ದೆ. ಕಳೆದ ವರ್ಷ ಪೂರ್ತಿ ಅವಳನ್ನು ತರಲಾಗಿರಲಿಲ್ಲ. ಮೊದಲು ಕೆಮ್ಮು, ಆಮೇಲೆ ಶಾಲೆ, ಆಮೇಲೆ ನೀನೇ, ಗಾಜಿನ ಆಚೆ ನನ್ನನ್ನು ನೋಡಿದರೆ ಅವಳು ಅಳುತ್ತಾಳೆ, ಸ್ವಲ್ಪ ದಿನ ಬೇಡ ಅಂದಿದ್ದೆ. ಈ ಸಲ ಹಟ ಹಿಡಿದು ತಂದೆ. ಕಬ್ಬಿಣದ ಬೆಂಚಿನ ಮೇಲೆ ಕೂತೆವು. ಗಾಜಿನ ತೂತುಗಳಲ್ಲಿ ಅವಳು ಬೆರಳು ತೂರಿಸಿ ಆಡುತ್ತಿದ್ದಳು. ನಮ್ಮ ಪಕ್ಕ ಕೂತವರ ತಂಗಿ, ಅವರ ಪಕ್ಕದವರ ಅಕ್ಕ ಎಲ್ಲರೂ ಗಾಜಿನ ಆಚೆ ಬಂದು ಮಾತಾಡಿ ಹೋದರು. ನೀನು ಬರಲಿಲ್ಲ. ಕಡೆಗೆ ಕಾವಲಿನ ಹೆಂಗಸು ಬಂದು ನನ್ನ ಕಿವಿಯ ಹತ್ತಿರ ಬಗ್ಗಿದಳು.

"ಮಗೂನ ಇನ್ಮೇಲೆ ಕರ್ಕೊಂಡು ಬರಬೇಡಿ ಅಂದ್ಲು. ಅಮ್ಮ ಸತ್ತೋದ್ಲು ಅಂತ ಹೇಳಿಬಿಡಬೇಕಂತೆ."

ಪಾಪ, ಅವಳು ಮೆತ್ತಗೆ ಹೇಳಿದಳು. ಹೇಳಿ ಗುಂಡಿಯ ಕೈಗೆ ಒಂದು ಬಿಸ್ಕತ್ತು ಕೊಟ್ಟಳು. ನನ್ನ ಕಾಗದ ಓದಿಯೂ ಹೀಗೆ ಹೇಳಿದಳಾ ಅಂತ ಕೇಳಿದರೆ, ಯಾವ ಕಾಗದ, ನಿಮ್ಮ ಮಗಳಿಗೆ ಎಷ್ಟೋ ದಿನದಿಂದ ಒಂದು ಚೂರು ಕಾಗದವೂ ಬಂದಿಲ್ಲ ಅಂದಳು. ಆಗ ನನ್ನ ತಲೆಗೆ ಹೊಳೆಯಿತು.

ಮಾರನೆಯ ದಿನ ಅಂಗಡಿ ಮುಚ್ಚಿ, ಗುಂಡಿಯನ್ನು ಡ್ರೈಕ್ಲೀನ್ ಅಂಗಡಿಯ ಅಕ್ಕನ ಹತ್ತಿರ ಬಿಟ್ಟು ಆಫೀಸಿಗೆ ಹೋದೆ. ಕಾಗದ ಓದುವ ಮೇಡಂ ನನ್ನ ವಯಸ್ಸಿನವರೇ. ಕನ್ನಡಕದ ಒಂದು ಕಾಲು ಮುರಿದು ದಾರ ಸುತ್ತಿದ್ದರು. ಡ್ರಾಯರಿನಿಂದ ನನ್ನ ಕಾಗದ ತೆಗೆದರು. ಮೈತುಂಬ ಕೆಂಪು ಗೆರೆ, ನನ್ನ ಮೇಷ್ಟ್ರು ಕೂಡ ಅಷ್ಟು ಗೆರೆ ಹಾಕಿರಲಿಲ್ಲ.

"ಸರಪಳಿ ಮುರಿದು ಆಚೆ ಹೋಗಿ, ತಿರುಗಿ ನಿಂತು ಜೋಡಿಸಿಬಿಡು, ಬೆಳಿಗ್ಗೆ ನೋಡಿದವರಿಗೆ ಏನೂ ತಿಳಿಯದು," ಅಂತ ಓದಿದರು. "ಏನಮ್ಮಾ ಇದು?"

ಆಟ ಅಂದೆ.

"ಬಾಗಿಲ ಆಚೆಯಿಂದ ಚಿಲಕ ಎತ್ತಲು ಕಾಣದ ಕೈಯನ್ನು ಕಳಿಸು. ಯಾರ ಕೈಯಮ್ಮ ಇದು? ನಮ್ ಸ್ಟಾಫ್ ಯಾರಾದ್ರೂನಾ?"

ಯಾರ ಕೈಯೂ ಅಲ್ಲ ಮೇಡಂ, ಅದು ಯಾರಿಗೂ ಕಾಣುವುದೇ ಇಲ್ಲ ಅಂದೆ. ಹಾಗೆ ಅಂದದ್ದು ಇನ್ನೂ ಎಡವಟ್ಟಾಯಿತು. ಅವರು ಎದ್ದು ಹೋಗಿ ಬಾಗಿಲು ಹಾಕಿ ಬಂದರು.

ಕೂತು ಎಲ್ಲ ಬಿಡಿಸಿ ಹೇಳಿದೆ. ನೀನು ನನಗೆ ಬರೆದಿದ್ದೆಯಲ್ಲ, ಅದನ್ನೇ. ನಿನ್ನ ಕೋಣೆಯಲ್ಲಿ ಕೊಕ್ಕರೆ ಅಂತ ಒಬ್ಬಳು ಉದ್ದನೆಯ ಹುಡುಗಿ ಇದ್ದಾಳೆ, ಕಾಲೇಜಿನಲ್ಲಿ ಕಲಿತ ಆಟವನ್ನು ನಿಮಗೆಲ್ಲ ಕಲಿಸಿದ್ದಾಳೆ. ಬಾಯಿಮಾತಿನ ಆಟ. ಅವಳು ಕಥೆ ಹೇಳುತ್ತಾಳೆ, ಇಲ್ಲಿ ಕೋಟೆ ಇದೆ, ಇಲ್ಲಿ ರಾಕ್ಷಸ ಇದ್ದಾನೆ ಅಂತ. ನೀವು ಒಬ್ಬೊಬ್ಬರು ಒಂದೊಂದು ವೇಷ. ಈಗ ಏನು ಮಾಡುತ್ತೀಯ ಅಂತ ಅವಳು ಕೇಳಿದರೆ ನೀವು ಹೇಳಬೇಕು. ಆಯಿತೋ ಇಲ್ಲವೋ ಅಂತ ದಾಳ ಹೇಳುತ್ತದೆ. ಅಲ್ಲಿ ದಾಳ ಇಡುವ ಹಾಗಿಲ್ಲ, ಜೂಜು ಅಂತ ಕಿತ್ತುಕೊಳ್ಳುತ್ತಾರೆ, ಅದಕ್ಕೆ ಚೀಟಿ ಎತ್ತುತ್ತೀರಿ. ಒಬ್ಬಳಿಗೆ ಕತ್ತಿ ಬೇಕಂತೆ, ಒಬ್ಬಳಿಗೆ ಬೆಂಕಿಯ ಉಂಡೆ. ನನ್ನ ಮಗಳು ಮಂತ್ರಗಾತಿಯಾದಳು, ಆದರೆ ಸಾಯಿಸುವಂಥದ್ದು ಒಂದೂ ನನಗೆ ಬೇಡ ಅಂದಳು ಮೇಡಂ ಅಂತ ಹೇಳಿದೆ. ಅದಕ್ಕೆ ಕೊಕ್ಕರೆ ನಕ್ಕು, ಹಾಗಾದರೆ ಚಿಲ್ಲರೆ ಮಂತ್ರ ತಗೋ ಅಂತ ಕೊಟ್ಟಳಂತೆ. ದೀಪ ಹತ್ತಿಸುವ ಮಂತ್ರ. ಕೊಳೆ ತೆಗೆಯುವ ಮಂತ್ರ. ದೂರದ ವಸ್ತುವನ್ನು ಎತ್ತುವ ಕಾಣದ ಕೈ. ಬೆರಳು ತೋರಿದವರ ಕಿವಿಗೆ ಮಾತ್ರ ಮುಟ್ಟುವ ಪಿಸುಮಾತು. ಮುರಿದದ್ದನ್ನು ಕೂಡಿಸುವ ಮಂತ್ರ. ಯುದ್ಧಕ್ಕೆ ಬಾರದವು, ಮನೆಗೆಲಸದವು.

ಇದನ್ನೆಲ್ಲ ಹೇಳುವಾಗ ಮೇಡಂ ಎದುರಿನ ಚಹಾ ಆರಿಹೋಯಿತು.

ನಿನಗೆ ನೆನಪಿದೆಯೋ ಇಲ್ಲವೋ, ನೀನು ಮೊದಲ ಸಲ ಈ ಆಟದ ವಿಷಯ ಬರೆದಾಗ ನಾನು ಕೋಪ ಮಾಡಿಕೊಂಡಿದ್ದೆ. ಮಂತ್ರ ಅನ್ನುವುದು ಆಡುವ ಮಾತೇ? ಮಾಟದವರ ಮನೆಯ ನೆರಳೂ ನಮಗೆ ಬೇಡ ಅಂತ ನನ್ನಮ್ಮ ಹೇಳುತ್ತಿದ್ದಳು. ನಿನ್ನ ಕಾಗದವನ್ನು ದೇವರ ಮುಂದಿಟ್ಟು ಕೂತೆ. ಆಮೇಲೆ ಮತ್ತೆ ಓದಿದೆ. ಬೇರೆಯವರಿಗೆ ಕೆಟ್ಟದ್ದು ಬೇಡುವ ಮಂತ್ರ ಒಂದೂ ಇರಲಿಲ್ಲ. ಬೆಳಕು ಬರಲಿ, ಕೊಳೆ ಹೋಗಲಿ, ಹರಿದದ್ದು ಕೂಡಲಿ. ನಾನು ದಿನಾ ಬೆಳಿಗ್ಗೆ ಕೇಳುವುದೂ ಇವನ್ನೇ. ವ್ಯತ್ಯಾಸ ಇಷ್ಟೇ, ನಿಮ್ಮ ಆಟದಲ್ಲಿ ಕೇಳಿದ ಕೂಡಲೇ ಆಗುತ್ತದೆ. ನನಗೆ ಅಷ್ಟು ಬೇಗ ಆಗಿದ್ದು ನೆನಪಿಲ್ಲ.

ಅದಕ್ಕೇ ನೀನು, ಅಮ್ಮ ನಾವು ಕೋಟೆಯ ನೆಲಮಾಳಿಗೆಯಲ್ಲಿ ಸಿಕ್ಕಿಬಿದ್ದಿದ್ದೇವೆ, ಬಾಗಿಲಲ್ಲಿ ರಾಕ್ಷಸ ಮಲಗಿದ್ದಾನೆ, ನನ್ನ ಚಿಲ್ಲರೆ ಮಂತ್ರದಲ್ಲಿ ಏನು ಮಾಡಲಿ ಅಂತ ಕೇಳಿದಾಗ ನನಗೆ ಖುಷಿಯಾಯಿತು. ಎಷ್ಟು ವರ್ಷವಾಗಿತ್ತು ನೀನು ನನ್ನನ್ನು ಏನಾದರೂ ಕೇಳಿ. ದಿನವಿಡೀ ಮೆಷಿನ್ನು ತುಳಿಯುತ್ತ ಅದನ್ನೇ ಯೋಚಿಸಿದೆ. ಒಂದು ಪ್ಯಾಂಟಿನ ಎರಡು ಕಾಲನ್ನೂ ಒಟ್ಟಿಗೆ ಹೊಲಿದುಬಿಟ್ಟೆ, ಗಿರಾಕಿ ಬಂದು ಇದೇನು ಲಂಗವೇ ಅಂದ.

ನಾನು ಬರೆದದ್ದು ಇಷ್ಟು. ದೀಪದ ಮಂತ್ರವನ್ನು ಪಂಜಿಗೆ ಹಾಕಬೇಡ, ಒಂದು ಕಲ್ಲಿಗೆ ಹಾಕಿ ಬಾವಿಗೆ ಬಿಡು, ಎಷ್ಟು ಆಳ ಅಂತ ತಾನೇ ತೋರಿಸುತ್ತದೆ. ಕಡೆಯಲ್ಲಿ ನಡೆಯುವವರ ಬೆನ್ನಿನ ಗುಂಡಿಗೂ ಒಂದಿಷ್ಟು ಬೆಳಕು ಹಾಕು, ಮುಂದಿನವರು ತಿರುಗಿ ನೋಡಿದರೆ ಎಲ್ಲರೂ ಇದ್ದಾರೆ ಅಂತ ತಿಳಿಯುತ್ತದೆ. ಕೊಳೆ ತೆಗೆಯುವ ಮಂತ್ರವನ್ನು ಬಟ್ಟೆಗೆ ದಂಡ ಮಾಡಬೇಡ, ಹೆಜ್ಜೆ ಗುರುತು ಒರೆಸು. ಕೂಡಿಸುವ ಮಂತ್ರ ಇದ್ದವರು ಮುರಿಯಲು ಹೆದರಬೇಕಾಗಿಲ್ಲ, ಅದಕ್ಕೇ ಆ ಸರಪಳಿಯ ಮಾತು. ಇನ್ನು ರಾಕ್ಷಸ. ಕತ್ತಿಯವಳು ಅವನ ಕುತ್ತಿಗೆ ಕಡಿಯೋಣ ಅಂದಳು ಅಂತ ನೀನು ಬರೆದಿದ್ದೆ. ಬೇಡ ಅಂತ ನಾನು ಬರೆದೆ. ಕಾಣದ ಕೈಯಿಂದ ಅವನ ಹೊದಿಕೆಯನ್ನು ಮೆಲ್ಲಗೆ ಎಳೆದು ಭುಜದ ತನಕ ಹೊದಿಸು. ಮಲಗಿದವರು ಏಳುವುದು ಚಳಿಗೆ. ಬೆಚ್ಚಗಿದ್ದರೆ ಯಾರೂ ಏಳುವುದಿಲ್ಲ. ನಿನ್ನನ್ನು ಮಲಗಿಸಿ ನಾನು ಹೊಲಿಗೆಗೆ ಕೂರುತ್ತಿದ್ದದ್ದು ಹಾಗೆಯೇ.

ಮೇಡಂ ಆ ಸಾಲಿಗೆ ಮಾತ್ರ ಕೆಂಪು ಗೆರೆ ಹಾಕಿರಲಿಲ್ಲ. ಅದನ್ನು ಎರಡು ಸಲ ಓದಿದರು.

"ಕಾವಲಿನೋರಿಗೆ ಹೊದಿಕೆ ಹೊದಿಸೋದು," ಅಂದರು. "ನಮಗ್ಯಾರಮ್ಮ ಹೊದಿಸ್ತಾರೆ?"

ಇಬ್ಬರೂ ನಕ್ಕೆವು. ನಕ್ಕಾಗ ಅವರ ಕನ್ನಡಕದ ಕಾಲು ಕಳಚಿ ಮೇಜಿನ ಮೇಲೆ ಬಿತ್ತು. ಕೊಡಿ ಅಂತ ಇಸಿದುಕೊಂಡು, ನನ್ನ ಚೀಲದಲ್ಲಿದ್ದ ದಾರದಿಂದ ಗಟ್ಟಿಯಾಗಿ ಸುತ್ತಿಕೊಟ್ಟೆ. ಹಳೆಯ ಕಾಗದವನ್ನೂ ಇನ್ನು ಬರೆಯುವುದನ್ನೂ ಒಟ್ಟಿಗೆ ತಲುಪಿಸುತ್ತೇನೆ, ಆದರೆ ಆಟದ ವಿಷಯವನ್ನು ಆಟ ಅಂತ ಮೊದಲೇ ಬರೆಯಿರಿ ಅಂದರು. ಮೇಡಂ, ಮೇಲಿನದೆಲ್ಲ ಆಟ. ಇನ್ನು ಮುಂದೆ ಬರೆಯುವುದು ಆಟವಲ್ಲ.

ಸೂಜಿ, ಕೂಡಿಸುವ ಮಂತ್ರದ ಬಗ್ಗೆ ನೀನು ಬರೆದ ಒಂದು ಸಾಲು ನನ್ನನ್ನು ಬಿಟ್ಟಿಲ್ಲ. ಆಟದಲ್ಲಿ ಯಾರೋ ಒಬ್ಬ ಮುದುಕ ಗಾಯಗೊಂಡು ದಾರಿಯಲ್ಲಿ ಬಿದ್ದಿದ್ದ, ನೀನು ಅವನ ಮೇಲೆ ಆ ಮಂತ್ರ ಹಾಕಿದೆ, ಕೊಕ್ಕರೆ ಆಗುವುದಿಲ್ಲ ಅಂದಳು. ಅದು ಪಾತ್ರೆ ಪಗಡಕ್ಕೆ, ಬಟ್ಟೆಗೆ, ಚಕ್ರಕ್ಕೆ. ಜೀವಕ್ಕೆ ನಡೆಯುವುದಿಲ್ಲ, ನಿಯಮ ಹಾಗಿದೆ ಅಂದಳು. ನೀನು ಆ ದಿನ ಆಟ ಬಿಟ್ಟು ಎದ್ದುಹೋದೆ ಅಂತ ಬರೆದೆ. ಯಾಕೆ ಎದ್ದೆ ಅಂತ ಬರೆಯಲಿಲ್ಲ. ನನಗೆ ಬರೆಯಬೇಕಾಗಿಯೂ ಇಲ್ಲ.

ಆ ಮುಂಜಾನೆ ನೀನು ಬ್ರೆಡ್ಡಿನ ವ್ಯಾನನ್ನು ಅಂಗಡಿಯ ಮುಂದೆ ನಿಲ್ಲಿಸಿ ಒಳಗೆ ಬಂದು ಬಟ್ಟೆಗಂಟಿನ ಮೇಲೆ ಕೂತದ್ದು ನನ್ನ ಕಣ್ಣಲ್ಲೇ ಇದೆ. ಎರಡು ಪಾಳಿ ಒಟ್ಟಿಗೆ ಓಡಿಸಿದ್ದೆ ನೀನು, ಕಣ್ಣು ಕೆಂಪಾಗಿತ್ತು. ವ್ಯಾನಿನ ಒಂದು ದೀಪ ಒಡೆದಿತ್ತು. ನಾನು ಕೇಳಿದೆ. ಸೈಕಲ್ಲಿನ ಅಜ್ಜ ಅಂದೆ ನೀನು. ನಿಲ್ಲಿಸಲಿಲ್ಲ ಅಮ್ಮ ಅಂದೆ. ನಾನು ಸೆರಗಿನಲ್ಲಿ ನಿನ್ನ ಮುಖ ಒರೆಸಿದೆ, ಒರೆಸಿ ಕೈ ಹಿಡಿದು ಠಾಣೆಗೆ ನಡೆಸಿಕೊಂಡು ಹೋದೆ. ಹೆತ್ತವಳೇ ಹಿಡಿದುಕೊಟ್ಟಳು ಅಂತ ಬೀದಿಯವರು ಈಗಲೂ ಆಡುತ್ತಾರೆ. ನಿನ್ನ ಗಂಡ ಅದನ್ನೇ ನೆಪ ಮಾಡಿಕೊಂಡು ಹೋದವನು ತಿರುಗಿ ನೋಡಲಿಲ್ಲ. ನನಗೆ ಅದರ ಪಶ್ಚಾತ್ತಾಪ ಇಲ್ಲ. ದುಃಖ ಇದೆ. ಎರಡೂ ಬೇರೆ ಬೇರೆ, ಜನಕ್ಕೆ ಅದು ತಿಳಿಯುವುದಿಲ್ಲ, ನಿನಗೆ ತಿಳಿದಿದೆ ಅಂತ ನಂಬಿದ್ದೇನೆ.

ಜೀವಕ್ಕೆ ನಡೆಯುವುದಿಲ್ಲ, ನಿಜ. ಆ ಅಜ್ಜನನ್ನು ನೀನೂ ತರಲಾರೆ, ನಾನೂ ತರಲಾರೆ. ಆದರೆ ಅದಕ್ಕೆ ತಕ್ಕ ದಂಡ ಅಂತ ನೀನೇ ಸತ್ತವಳಾಗಿಬಿಟ್ಟರೆ ಹೇಗೆ? ಶಿಕ್ಷೆ ಹಾಕಬೇಕಾದವರು ಹಾಕಿದ್ದಾರೆ. ವರ್ಷ ಬರೆದುಕೊಟ್ಟಿದ್ದಾರೆ. ಅದರ ಮೇಲೆ ನೀನೊಂದು ಬರೆದುಕೊಳ್ಳಬೇಡ, ಅದರಲ್ಲಿ ಐದು ವರ್ಷದ ಮಗುವನ್ನೂ ಸೇರಿಸಬೇಡ. ಸತ್ತಳು ಅಂತ ನಾನು ಹೇಳುವುದಿಲ್ಲ. ಸುಳ್ಳು ಹೇಳಿದ ಬಾಯಲ್ಲಿ ನಾನು ಸಂಜೆ ದೇವರ ಹೆಸರು ಹೇಳುವುದು ಹೇಗೆ?

ಕೂಡಿಸುವ ಮಂತ್ರಕ್ಕೆ ಇನ್ನೊಂದು ನಿಯಮ ಇದೆ ಅಂತ ನೀನೇ ಬರೆದಿದ್ದೆ. ಮುರಿದ ಎರಡು ತುಂಡೂ ಒಂದನ್ನೊಂದು ಮುಟ್ಟುತ್ತಿರಬೇಕು. ಒಂದು ಇಲ್ಲಿ ಒಂದು ಅಲ್ಲಿ ಇದ್ದರೆ ಎಷ್ಟು ಮಂತ್ರ ಹಾಕಿದರೂ ಅಷ್ಟೇ. ಓದಿ ನನಗೆ ನಗು ಬಂತು, ಇದನ್ನು ಯಾರೋ ದರ್ಜಿಯೇ ಬರೆದಿರಬೇಕು. ಹರಿದ ಅಂಗಿ ತಂದು ಕೊಡುತ್ತಾರೆ, ಹರಿದ ತುಂಡನ್ನು ಮನೆಯಲ್ಲೇ ಬಿಟ್ಟು ಬರುತ್ತಾರೆ. ಯಾವುದಕ್ಕೆ ಯಾವುದನ್ನು ಸೇರಿಸಲಿ?

ಇದರ ಜೊತೆ ಒಂದು ಪುಟ್ಟ ಚೀಲ ಇದೆ. ಒಳಗೆ ಇಪ್ಪತ್ತು ಗುಂಡಿ. ನಿಮ್ಮ ಚೀಟಿಗಳು ಬೆವರಿಗೆ ಹರಿದುಹೋಗುತ್ತವೆ ಅಂತ ಬರೆದಿದ್ದೆಯಲ್ಲ, ಇವನ್ನು ಚೀಲದಲ್ಲಿ ಕಲಕಿ ಎತ್ತಿಕೊಳ್ಳಿ. ದಾಳ ಅಲ್ಲ, ಗುಂಡಿ, ಮೇಡಂ ಎಣಿಸಿ ನೋಡಲಿ. ಕೋಟಿನ ಗುಂಡಿ, ಹೆಂಗಸರ ಸ್ವೆಟರಿನ ಗುಂಡಿ, ನಿನ್ನ ಶಾಲೆಯ ಅಂಗಿಯದೂ ಒಂದಿದೆ. ಅಂಕಿ ಬರೆದವಳು ಗುಂಡಿ. ಅವಳು ಹುಟ್ಟಿದಾಗ ಸೂಜಿಗೆ ಗುಂಡಿ ಹುಟ್ಟಿದಳು ಅಂತ ಡ್ರೈಕ್ಲೀನ್ ಅಕ್ಕ ನಕ್ಕಿದ್ದು ನೆನಪಿದೆಯೇ? ಈಗ ಆ ಗುಂಡಿ ಗುಂಡಿಗಳ ಮೇಲೆ ಬರೆಯುತ್ತಾಳೆ. ನಾಲಿಗೆಯನ್ನು ಮೂಲೆಗೆ ಕಚ್ಚಿಕೊಂಡು ಬರೆದಳು, ನೀನು ಸೂಜಿಗೆ ದಾರ ಪೋಣಿಸುವಾಗ ಮಾಡುತ್ತಿದ್ದ ಹಾಗೆಯೇ. ಏಳನ್ನು ತಿರುಗಿಸಿ ಬರೆದಿದ್ದಾಳೆ, ತಿದ್ದಲು ಬಿಡಲಿಲ್ಲ. ಇದು ಅಮ್ಮನಿಗೆ ಕಣೇ ಅಂದೆ. ಅದಕ್ಕೇ ಒಂದೊಂದನ್ನೂ ಊದಿ ಊದಿ ಒಣಗಿಸಿದಳು.

ನೀನು ಕೇಳಿದ್ದಕ್ಕೆ ಉತ್ತರ: ಕೇಳುತ್ತಾಳೆ. ದಿನಾ ಕೇಳುತ್ತಾಳೆ. ಮಲಗುವಾಗ ಕೇಳುತ್ತಾಳೆ. ಹಳೆಯ ಕಾಗದದಲ್ಲಿಯೂ ಇದನ್ನೇ ಬರೆದಿದ್ದೇನೆ, ನೀನೇ ನೋಡು.

ಚಿಕ್ಕವಳಿದ್ದಾಗ ನೀನು ಬಟ್ಟೆಗಂಟುಗಳ ಹಿಂದೆ ಅಡಗಿ ಕೂರುತ್ತಿದ್ದೆ. ನಾನು ಕರೆದರೆ ಬೇಕೆಂತಲೇ ಓ ಅನ್ನುತ್ತಿರಲಿಲ್ಲ. ನೀನು ಎಲ್ಲಿದ್ದೀ ಅಂತ ನನಗೆ ಗೊತ್ತಿರುತ್ತಿತ್ತು, ಗಂಟು ಉಸಿರಾಡುತ್ತಿತ್ತಲ್ಲ. ಆದರೂ ನೀನು ಓ ಅನ್ನುವ ತನಕ ಎದೆ ಹೊಡೆದುಕೊಳ್ಳುತ್ತಿತ್ತು. ಕರೆದಾಗ ಓಗೊಡಬೇಕು ಅಂತ ಎಷ್ಟು ಸಲ ಬೈದಿದ್ದೇನೆ. ಈಗಲೂ ಅದನ್ನೇ ಹೇಳುತ್ತಿದ್ದೇನೆ ಅಂದುಕೋ. ಮುಂದಿನ ಭೇಟಿಯ ದಿನ ಗುಂಡಿಯನ್ನು ಕರೆತರುತ್ತೇನೆ. ಗಾಜಿನ ಹತ್ತಿರ ಬಾ.

ಕೊಕ್ಕರೆಗೆ ನನ್ನ ಆಶೀರ್ವಾದ ಹೇಳು. ಅಷ್ಟು ಉದ್ದದ ಹುಡುಗಿಗೆ ಅಲ್ಲಿಯ ಅಂಗಿ ಗಿಡ್ಡವಾಗಿರುತ್ತದೆ, ತೋಳಿನ ಮಡಿಕೆ ಬಿಚ್ಚಿಕೊಡು, ಒಳಗೆ ಬಟ್ಟೆ ಬಿಟ್ಟಿರುತ್ತಾರೆ.

ಚಳಿಗೆ ಭುಜದ ತನಕ ಹೊದ್ದುಕೋ.

ನಿನ್ನನ್ನು ಎಣಿಸುತ್ತಿರುವ
ಅಮ್ಮ

ತಾ.ಕ.: ಈ ಕಡೆಯ ಮಾತನ್ನು ಸೋಮವಾರ ಜೈಲಿನ ಆಫೀಸಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಕಾಗದವನ್ನು ಮೇಡಂ ಕೈಗೆ ಕೊಟ್ಟೆ. ಪೂರ್ತಿ ಓದಿ, "ಇದೆಲ್ಲ ನಿಜಾನೇನಮ್ಮಾ?" ಅಂದರು. ಅವರು ಕೇಳಿದ್ದು ಆಟದ ವಿಷಯವೇ ಇರಬೇಕು. ನನಗೆ ಬೇರೆ ಕೇಳಿಸಿತು. ಒಂದು ನಿಮಿಷ ಕೊಡಿ ಅಂತ ವಾಪಸ್ಸು ಇಸಿದುಕೊಂಡೆ.

ದಿನಾ ಕೇಳುತ್ತಾಳೆ ಅಂದದ್ದು ಸುಳ್ಳು. ಹಳೆಯ ಕಾಗದದಲ್ಲಿ ಬರೆದದ್ದೂ ಸುಳ್ಳು. ಅವಳು ಕೇಳುವುದನ್ನು ಬಿಟ್ಟು ಬಹಳ ದಿನವಾಯಿತು. ಹೋದ ಸಲ ಬಸ್ಸಿನಲ್ಲಿ, ಯಾರನ್ನು ನೋಡೋಕೆ ಹೋಗ್ತಿದೀವಿ ಅಂತ ನನ್ನನ್ನು ಕೇಳಿದಳು. ನಿನಗೆ ಉತ್ತರ ಮುಟ್ಟದೆ ನೀನು ಅರ್ಥ ಮಾಡಿಕೊಂಡೆಯಲ್ಲ, ಸರಿಯಾಗಿಯೇ ಮಾಡಿಕೊಂಡಿದ್ದೆ.

ಗುಂಡಿಗಳಿಗೆ ಅಂಕಿ ಬರೆದು ಒಣಗಿಸಿದಳು ಅಂದೆನಲ್ಲ. ಇದು ಅಮ್ಮನಿಗೆ ಅಂದಿದ್ದೆನಲ್ಲ. ಎಲ್ಲವನ್ನೂ ಎರಡು ಕೈಯಲ್ಲಿ ತುಂಬಿಕೊಂಡು ಬಂದು ನನ್ನ ಮಡಿಲಿಗೆ ಸುರಿದಳು. "ತಗೋ ಅಮ್ಮಾ," ಅಂದಳು. ಅಜ್ಜಿ ಕಣೇ ನಾನು ಅಂತ ಎಷ್ಟೋ ಸಲ ತಿದ್ದಿದ್ದೇನೆ. ಆವತ್ತು ತಿದ್ದಲಿಲ್ಲ. ಓ ಅಂದುಬಿಟ್ಟೆ.

ಮರೆತಿದ್ದಾಳೆ ಮಗಳೇ. ಅದಕ್ಕೇ ಬಾ. ಆ ದಿನ ಅವಳನ್ನು ಗಾಜಿನ ಹತ್ತಿರ ನಿಲ್ಲಿಸಿ ನಾನು ಹಿಂದೆ ಸರಿಯುತ್ತೇನೆ. ಅವಳು ನನ್ನ ಕಡೆ ತಿರುಗಿ ಅಮ್ಮಾ ಅಂತ ಕರೆದರೂ ನಾನು ಬಾಯಿ ತೆರೆಯುವುದಿಲ್ಲ, ದೇವರಾಣೆ. ನೀನು ಓ ಅನ್ನು.